ಹುತ್ತದ ಮಣ್ಣಲ್ಲಿ ವಜ್ರದ ಸುಳಿವು: ಬೋಟ್ಸ್ವಾನಾ ಅನ್ನುವ ದೇಶ

ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಬಂದು ಸೇರಿಕೊಳ್ಳುತ್ತದೆ ಅಂತ ನಮ್ಮಲ್ಲಿ ಒಂದು ಮಾತಿದೆ. ಕಷ್ಟಪಟ್ಟವರು ಒಬ್ಬರು, ಅನುಭವಿಸುವವರು ಇನ್ನೊಬ್ಬರು. ಆಫ್ರಿಕಾದ ಗಣಿಗಳ ಕತೆ ಓದಿದಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ಬೋಟ್ಸ್ವಾನಾದ ಕತೆಯಲ್ಲಿ ಮಾತ್ರ ಗೆದ್ದಲು ಬರೀ ಗಾದೆಯಲ್ಲಿ ಬರುವುದಿಲ್ಲ, ನಿಜವಾಗಿಯೂ ಬರುತ್ತದೆ.

ಈ ದೇಶದ ಬಹುಭಾಗ ಕಲಹಾರಿ ಮರಳಿನ ಕೆಳಗೆ ಮುಚ್ಚಿಹೋಗಿದೆ. ವಜ್ರ ಸಿಗುವ ಕಲ್ಲಿಗೆ ಕಿಂಬರ್ಲೈಟ್ ಅಂತ ಹೆಸರು. ಕೋಟ್ಯಂತರ ವರ್ಷಗಳ ಹಿಂದೆ ಭೂಮಿಯ ಆಳದಿಂದ ಉಕ್ಕಿ ಬಂದು, ಕೊಳವೆಯ ಆಕಾರದಲ್ಲಿ ಗಟ್ಟಿಯಾದ ಕಲ್ಲು ಅದು. ಅದರ ಮೇಲೆ ಮೀಟರ್‌ಗಟ್ಟಲೆ ಮರಳು ಕೂತಿದ್ದರೆ ಹುಡುಕುವುದು ಹೇಗೆ? ಗೆದ್ದಲು ತೇವ ಹುಡುಕಿಕೊಂಡು ಆಳಕ್ಕೆ ಇಳಿಯುತ್ತದೆ. ಬರುವಾಗ ಕೆಳಗಿನ ಕಣಗಳನ್ನು ಹೊತ್ತು ತರುತ್ತದೆ. ಆ ಕಣಗಳಲ್ಲಿ ಕೆಂಪು ಗಾರ್ನೆಟ್, ಕಪ್ಪು ಇಲ್ಮೆನೈಟ್ ಕಂಡರೆ ಕೆಳಗೆ ಕಿಂಬರ್ಲೈಟ್ ಇರಬಹುದು ಅಂತ ಲೆಕ್ಕ. ಭೂವಿಜ್ಞಾನಿಗಳು ವರ್ಷಗಟ್ಟಲೆ ಆ ಮರಳನ್ನು ಜರಡಿ ಹಿಡಿದರು. 1967ರಲ್ಲಿ ಒರಾಪಾ ಎಂಬಲ್ಲಿ ಭಾರೀ ಕೊಳವೆಯೊಂದು ಸಿಕ್ಕಿತು. ದೇಶಕ್ಕೆ ಸ್ವಾತಂತ್ರ್ಯ ಬಂದ ಮರುವರ್ಷ ಅದು.

ಅಂಗೋಲಾದಲ್ಲಿ, ಕಾಂಗೋದಲ್ಲಿ, ಸಿಯೆರಾ ಲಿಯೋನ್‌ನಲ್ಲಿ ಇದೇ ವಜ್ರದ ದುಡ್ಡು ಬಂದೂಕಿಗೆ ಹೋಯಿತು. ಬೋಟ್ಸ್ವಾನಾದಲ್ಲಿ ರಸ್ತೆಗೆ, ಶಾಲೆಗೆ, ಆಸ್ಪತ್ರೆಗೆ ಹೋಯಿತು. ಅದೃಷ್ಟ ಅಂತ ಸುಮ್ನೆ ಹೇಳಿಬಿಡಬಹುದು. ನನಗೆ ಹಾಗನ್ನಿಸುವುದಿಲ್ಲ. ವಜ್ರ ಸಿಗುವ ಮುಂಚೆ ಅಲ್ಲಿ ಏನಿತ್ತು ಅನ್ನುವುದರಲ್ಲಿ ಉತ್ತರ ಇದೆ. ಹಾಗೆಯೇ, ಅದೇ ವಜ್ರವನ್ನು ನಂಬಿ ಕೂತದ್ದಕ್ಕೆ ಆ ದೇಶ ಈಗ ಬೆಲೆ ತೆರುತ್ತಿದೆ. ಎರಡನ್ನೂ ನೋಡೋಣ.

ಮರಳು, ಮಳೆ, ನದಿ

ಭೂಪಟದಲ್ಲಿ ಆಫ್ರಿಕಾದ ಕೆಳತುದಿಗೆ ದಕ್ಷಿಣ ಆಫ್ರಿಕಾ ಇದೆಯಲ್ಲ, ಅದರ ತಲೆಯ ಮೇಲೆ ಕೂತಿರುವುದೇ ಬೋಟ್ಸ್ವಾನಾ. ಪಶ್ಚಿಮಕ್ಕೆ ನಮೀಬಿಯಾ, ಈಶಾನ್ಯಕ್ಕೆ ಜಿಂಬಾಬ್ವೆ. ಉತ್ತರದ ಒಂದು ಮೂಲೆಯಲ್ಲಿ, ಜಾಂಬೆಜಿ ನದಿಯ ಮೇಲೆ, ಜಾಂಬಿಯಾದ ಜತೆ ಚೂರೇ ಚೂರು ಗಡಿ. ಆ ಚೂರು ಗಡಿಯ ಮೇಲೆ 2021ರಲ್ಲಿ ಕಜುಂಗುಲಾ ಸೇತುವೆ ತೆರೆಯಿತು. 923 ಮೀಟರ್ ಉದ್ದದ ಈ ಸೇತುವೆ ನೇರವಾಗಿಲ್ಲ, ಬಾಗಿದೆ. ನೇರ ಹೋದರೆ ಜಿಂಬಾಬ್ವೆಯ ನೀರಿಗೆ ಕಾಲಿಟ್ಟಂತಾಗುತ್ತಿತ್ತು. ಸಮುದ್ರವಂತೂ ಯಾವ ಕಡೆಯಿಂದಲೂ ಇಲ್ಲ.

ವಿಸ್ತೀರ್ಣ ಸುಮಾರು 5.8 ಲಕ್ಷ ಚದರ ಕಿಲೋಮೀಟರ್. ಅಂದರೆ ಮೂರು ಕರ್ನಾಟಕ. ಜನ ಎಷ್ಟು? 2022ರ ಜನಗಣತಿಯ ಪ್ರಕಾರ ಸುಮಾರು 23.5 ಲಕ್ಷ. ಬೆಂಗಳೂರಿನ ಜನರ ಕಾಲು ಭಾಗವೂ ಅಲ್ಲ. ಒಂದು ಚದರ ಕಿಲೋಮೀಟರಿಗೆ ನಾಲ್ಕು ಜನ. ಅವರಲ್ಲೂ ಹೆಚ್ಚಿನವರು ಪೂರ್ವದ ಅಂಚಿನಲ್ಲೇ ಇದ್ದಾರೆ. ಅಲ್ಲಿ ಸ್ವಲ್ಪ ಮಳೆ ಇದೆ, ಮಣ್ಣು ಪರವಾಗಿಲ್ಲ. 1897ರಲ್ಲಿ ಹಾಕಿದ ರೈಲು ಹಳಿಯೂ ಅದೇ ಅಂಚಿನಲ್ಲಿ ಹೋಗುತ್ತದೆ. ಲೊಬಾಟ್ಸೆ, ರಾಜಧಾನಿ ಗಾಬರೋನೆ, ಮಹಲಾಪ್ಯೆ, ಫ್ರಾನ್ಸಿಸ್‌ಟೌನ್ ಎಲ್ಲವೂ ಆ ಹಳಿಯ ಮಗ್ಗುಲಿಗೇ ಇವೆ.

ಉಳಿದದ್ದು ಕಲಹಾರಿ. ಮರುಭೂಮಿ ಅಂತ ಕರೆದರೂ ರಾಜಸ್ಥಾನದ ಸಿನಿಮಾ ಮರಳು ದಿಬ್ಬಗಳನ್ನು ಮನಸ್ಸಿಗೆ ತಂದುಕೊಳ್ಳಬೇಡಿ. ಇಲ್ಲಿ ಹುಲ್ಲಿದೆ, ಮುಳ್ಳುಗಿಡ ಇದೆ, ಜಾಲಿ ಜಾತಿಯ ಮರಗಳಿವೆ. ಮಳೆಯೂ ಬರುತ್ತದೆ, ನೈಋತ್ಯದಲ್ಲಿ ವರ್ಷಕ್ಕೆ ಸುಮಾರು 250 ಮಿಲಿಮೀಟರ್, ಈಶಾನ್ಯದಲ್ಲಿ 650ರ ಆಸುಪಾಸು. ತೊಂದರೆ ಏನೆಂದರೆ ಮರಳು ನೀರನ್ನು ಹಿಡಿದಿಡುವುದಿಲ್ಲ. ಬಿದ್ದದ್ದು ಇಂಗುತ್ತದೆ ಅಥವಾ ಆವಿಯಾಗುತ್ತದೆ. ಹಾಗಾಗಿ ಮಳೆ ಅಲ್ಲಿ ಬರೀ ಹವಾಮಾನದ ವಿಷಯವಲ್ಲ. ಮಳೆಗೆ ಅವರ ಭಾಷೆಯಲ್ಲಿ ಪುಲಾ ಅನ್ನುತ್ತಾರೆ. 1976ರಲ್ಲಿ ಸ್ವಂತ ನಾಣ್ಯ ತಂದಾಗ ಅದಕ್ಕೂ ಪುಲಾ ಅಂತಲೇ ಹೆಸರಿಟ್ಟರು. ಸಭೆ ಮುಗಿದಾಗ ಎಲ್ಲರೂ ಸೇರಿ ಕೂಗುವುದು ಕೂಡ ‘ಪುಲಾ!’ ಅಂತಲೇ. ಬಾವುಟದ ತಿಳಿ ನೀಲಿ ಬಣ್ಣವೂ ನೀರಿನದ್ದೇ.

ಇಷ್ಟೊಂದು ಒಣ ನೆಲದ ನಡುವೆ ಒಂದು ವಿಚಿತ್ರ ಇದೆ. ಒಕವಾಂಗೊ ನದಿ. ಇದು ಹುಟ್ಟುವುದು ದೂರದ ಅಂಗೋಲಾದ ಬೆಟ್ಟಗಳಲ್ಲಿ. ಎಲ್ಲ ನದಿಗಳೂ ಸಮುದ್ರ ಸೇರುತ್ತವೆ ಅಂತ ಶಾಲೆಯಲ್ಲಿ ಓದಿದ್ದೆವು, ಇದು ಸೇರುವುದಿಲ್ಲ. ಕಲಹಾರಿಗೆ ಬಂದು, ಅಂಗೈ ಬಿಚ್ಚಿದ ಹಾಗೆ ಹರಡಿಕೊಂಡು, ಅಲ್ಲೇ ಮುಗಿದುಹೋಗುತ್ತದೆ. ಬಂದ ನೀರಿನಲ್ಲಿ ಹೆಚ್ಚುಕಮ್ಮಿ ಎಲ್ಲವೂ ಆವಿಯಾಗುತ್ತದೆ, ಗಿಡಮರಗಳು ಹೀರುತ್ತವೆ. ಇನ್ನೂ ಚಂದದ ಸಂಗತಿ ಅದರ ಸಮಯದ್ದು. ಅಂಗೋಲಾದಲ್ಲಿ ಮಳೆ ಜೋರಾಗುವುದು ಜನವರಿ, ಫೆಬ್ರವರಿಯಲ್ಲಿ. ಇಳಿಜಾರು ಎಷ್ಟು ಕಡಿಮೆ ಎಂದರೆ ಆ ನೀರು ನಡೆದು ಬರಲು ತಿಂಗಳುಗಳೇ ಬೇಕು. ಮುಖಜ ಭೂಮಿಯ ಕೊನೆಯಲ್ಲಿರುವ ಮೌನ್ ಪಟ್ಟಣದ ಹತ್ತಿರ ನೆರೆ ಏರುವುದು ಜೂನ್, ಜುಲೈ ಹೊತ್ತಿಗೆ. ಅಲ್ಲಿ ಆಗ ಚಳಿಗಾಲ, ತಿಂಗಳುಗಳಿಂದ ಒಂದು ಹನಿ ಮಳೆ ಇರುವುದಿಲ್ಲ. ಸುತ್ತ ಎಲ್ಲ ಒಣಗಿ ನಿಂತಾಗ ನೆರೆ ಬರುತ್ತದೆ! ಆನೆ, ಕಾಡೆಮ್ಮೆ, ಜೀಬ್ರಾ ಎಲ್ಲ ಅಲ್ಲಿಗೆ ಓಡುವುದಕ್ಕೆ ಬೇರೆ ಕಾರಣ ಬೇಕೇ? 2014ರಲ್ಲಿ ಇದು ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಯ 1,000ನೇ ತಾಣವಾಯಿತು.

ಇಲ್ಲೊಂದು ಪ್ರಶ್ನೆ ಏಳಬೇಕು. ನೀರು ಹೊರಗೆ ಹರಿಯದೆ ಆವಿಯಾಗುತ್ತಲೇ ಇದ್ದರೆ ಉಪ್ಪು ಉಳಿಯುತ್ತದೆ, ಅಲ್ವಾ? ಸಾವಿರಾರು ವರ್ಷಗಳಲ್ಲಿ ಅದು ಉಪ್ಪಿನ ಕೆರೆ ಆಗಬೇಕಿತ್ತು. ಆಗಲಿಲ್ಲ. ಯಾಕೆಂದರೆ ಮತ್ತೆ ಗೆದ್ದಲು! ಜೌಗು ನೆಲದಲ್ಲಿ ಗೆದ್ದಲು ಹುತ್ತ ಕಟ್ಟುತ್ತದೆ. ಹುತ್ತ ನೀರಿಗಿಂತ ಮೇಲಿರುವುದರಿಂದ ಅದರ ಮೇಲೆ ಮರ ಹುಟ್ಟುತ್ತದೆ. ಮರದ ಸುತ್ತ ಮಣ್ಣು ಕೂಡಿ ದ್ವೀಪವಾಗುತ್ತದೆ. ಮರಗಳು ಅಡಿಯಿಂದ ನೀರು ಹೀರುತ್ತವೆ, ಉಪ್ಪನ್ನು ಬೇರಿನ ಬಳಿಯೇ ಬಿಡುತ್ತವೆ. ವರ್ಷ ಕಳೆದಂತೆ ಉಪ್ಪೆಲ್ಲ ದ್ವೀಪದ ಹೊಟ್ಟೆಯೊಳಗೆ ಸೇರುತ್ತದೆ, ಸುತ್ತಲ ನೀರು ಸಿಹಿಯಾಗಿಯೇ ಉಳಿಯುತ್ತದೆ. ಹೀಗೆ ಹುತ್ತದಿಂದ ಶುರುವಾದ ದ್ವೀಪಗಳು ಅಲ್ಲಿ ಸಾವಿರಗಟ್ಟಲೆ ಇವೆ. ಹೀಗಾಗದ ಜಾಗ ಹೇಗಿರುತ್ತದೆ ಅಂತ ನೋಡಬೇಕಾದರೆ ಅಲ್ಲೇ ಆಗ್ನೇಯಕ್ಕೆ ಮಕ್ಗಾಡಿಕ್ಗಾಡಿ ಇದೆ. ಹಿಂದೆ ಮಹಾ ಸರೋವರ, ಈಗ ಕಣ್ಣು ಹಾಯುವಷ್ಟು ದೂರ ಬಿಳಿ ಉಪ್ಪು.

ಮೋ, ಬಾ, ಸೆ, ಬೋ

ಹೆಸರಿನ ಗೊಂದಲ ಮೊದಲು ಬಗೆಹರಿಸೋಣ. ಅಲ್ಲಿನ ಒಬ್ಬರು ಮೋಟ್ಸ್ವಾನಾ. ಬಹಳ ಜನ ಬಾಟ್ಸ್ವಾನಾ. ಅವರ ಭಾಷೆ ಸೆಟ್ಸ್ವಾನಾ. ಅವರ ನಾಡು ಬೋಟ್ಸ್ವಾನಾ. ನಾವು ಪದದ ಬಾಲಕ್ಕೆ ಪ್ರತ್ಯಯ ಅಂಟಿಸುತ್ತೇವೆ, ಅವರು ತಲೆಗೆ ಅಂಟಿಸುತ್ತಾರೆ, ಅಷ್ಟೇ. ಒಂದು ಸಲ ಇದು ತಲೆಗೆ ಹೋದರೆ ಉಳಿದ ಹೆಸರುಗಳೂ ಬಿಡಿಸಿಕೊಳ್ಳುತ್ತವೆ. ಬಾಂಗ್ವಾಟೊ, ಬಾಕ್ವೇನಾ, ಬಾಟವಾನಾ ಅಂದರೆ ಆಯಾ ಪಂಗಡದ ಜನ.

ಟ್ಸ್ವಾನಾ ಪಂಗಡಗಳಲ್ಲಿ ಎಂಟನ್ನು ಮುಖ್ಯ ಅಂತ ಎಣಿಸುತ್ತಾರೆ. ಈ ‘ಎಂಟು’ ಅನ್ನುವುದೇ ಒಂದು ಜಗಳದ ವಿಷಯ. ಈಶಾನ್ಯದ ಕಲಾಂಗಾ, ಮುಖಜ ಭೂಮಿಯ ಬಾಯೆಯಿ, ಪಶ್ಚಿಮದ ಹೆರೆರೋ ಇವರೆಲ್ಲ ಆ ಎಂಟರಲ್ಲಿ ಇಲ್ಲ. ಎಲ್ಲರಿಗಿಂತ ಮೊದಲಿಂದ ಇದ್ದ ಸಾನ್ ಜನರೂ ಇಲ್ಲ. ಅವರನ್ನು ಅಲ್ಲಿ ಬಸಾರ್ವಾ ಅನ್ನುತ್ತಾರೆ. ಬೇಟೆ, ಗೆಡ್ಡೆಗೆಣಸು ನಂಬಿ ಬದುಕಿದವರು, ನಾಲಿಗೆ ಚಟಕ್ ಅನ್ನಿಸಿ ಮಾತಾಡುವ ಭಾಷೆಗಳವರು. ಇವರ ವಿಷಯದಲ್ಲಿ ಬೋಟ್ಸ್ವಾನಾದ ಒಳ್ಳೆಯ ಹೆಸರಿಗೆ ಮಸಿ ಹತ್ತಿದೆ. 1997ರಿಂದ ಸರ್ಕಾರ ಇವರನ್ನು ಮಧ್ಯ ಕಲಹಾರಿಯ ಅಭಯಾರಣ್ಯದಿಂದ ಎಬ್ಬಿಸಿ ಹೊರಗಿನ ಕಾಲೊನಿಗಳಿಗೆ ಕಳಿಸಿತು. ಅವರು ಕೋರ್ಟಿಗೆ ಹೋದರು. 2006ರಲ್ಲಿ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಆದರೂ ಕೊಳವೆಬಾವಿ ಬಳಸಲು ಇನ್ನೊಂದು ಕೇಸು ಬೇಕಾಯಿತು, ಅದು ಗೆದ್ದದ್ದು 2011ರಲ್ಲಿ. ಕಾಡಿನವರನ್ನು ಕಾಡಿನಿಂದ ಎಬ್ಬಿಸುವ ಈ ಕತೆ ನಾಗರಹೊಳೆಯ ಜೇನುಕುರುಬರ ಸುದ್ದಿ ಓದಿದವರಿಗೆ ಹೊಸದೇನೂ ಅಲ್ಲ.

ಹಳೆಯ ಟ್ಸ್ವಾನಾ ಕುಟುಂಬಕ್ಕೆ ಮನೆ ಒಂದಲ್ಲ, ಮೂರು. ಊರಿನ ಮನೆ, ಹೊಲದ ಮನೆ, ದನದ ಹಟ್ಟಿ. ದನದ ಹಟ್ಟಿಗೆ ಮೊರಾಕಾ ಅಂತ ಹೆಸರು, ಊರಿಂದ ಎಷ್ಟೋ ದೂರ ಇರುತ್ತದೆ. ಇವತ್ತೂ ಗಾಬರೋನೆಯ ಆಫೀಸಿನಲ್ಲಿ ಕೂರುವವರು ಶುಕ್ರವಾರ ಸಂಜೆ ಪಿಕಪ್ ಗಾಡಿ ಹತ್ತಿ ಮೊರಾಕಾಕ್ಕೆ ಹೊರಡುತ್ತಾರೆ. ದನ ಅಂದರೆ ಅಲ್ಲಿ ಬ್ಯಾಂಕು, ಮರ್ಯಾದೆ, ಮದುವೆಯ ತೆರ ಎಲ್ಲವೂ. ಗಂಡಿನ ಕಡೆಯವರು ಹೆಣ್ಣಿನ ಕಡೆಯವರಿಗೆ ದನ ಕೊಡಬೇಕು, ಅದಕ್ಕೆ ಬೊಗಾಡಿ ಅನ್ನುತ್ತಾರೆ. ಊಟ ಅಂದರೆ ಬೊಗೊಬೆ, ಜೋಳದ ಹಿಟ್ಟಿನ ಗಟ್ಟಿ ಗಂಜಿ. ಹುಳಿ ಬರಿಸಿಯೂ ಮಾಡುತ್ತಾರೆ. ವಿಜಯಪುರ, ಕಲಬುರಗಿ ಕಡೆಯವರಿಗೆ ಇದು ಅಂಬಲಿಯ ನೆಂಟ ಅಂತ ಮೊದಲ ತುತ್ತಿಗೇ ಗೊತ್ತಾದೀತು. ಆಶ್ಚರ್ಯ ಪಡಬೇಕಾದ್ದಿಲ್ಲ. ಜೋಳ ಮೂಲದಲ್ಲಿ ಆಫ್ರಿಕಾದ ಬೆಳೆ, ಸಾವಿರಾರು ವರ್ಷಗಳ ಹಿಂದೆ ನಮ್ಮ ಕಡೆಗೆ ಬಂದದ್ದು.

ಪ್ರತಿ ಊರಿನ ನಡುವೆ ಒಂದು ಖೋಟ್ಲಾ ಇರುತ್ತದೆ. ಅರ್ಧಚಂದ್ರದ ಆಕಾರದಲ್ಲಿ ನೆಟ್ಟ ಮರದ ಗೂಟಗಳ ಬೇಲಿ, ಹತ್ತಿರದಲ್ಲೇ ನೆರಳಿನ ಮರ. ನಮ್ಮ ಅರಳಿಕಟ್ಟೆಯನ್ನು ನೆನಪಿಸಿಕೊಳ್ಳಿ, ಆದರೆ ಅಧಿಕಾರ ಇರುವ ಅರಳಿಕಟ್ಟೆ. ಮುಖಂಡನಿಗೆ ಖೋಸಿ ಅನ್ನುತ್ತಾರೆ. ಪದವಿ ವಂಶದಿಂದ ಬರುತ್ತದೆ. ಆದರೂ ದೊಡ್ಡ ವಿಷಯವನ್ನು ಖೋಟ್ಲಾದಲ್ಲಿ ಇಡದೆ ಅವನು ತೀರ್ಮಾನಿಸುವ ಹಾಗಿಲ್ಲ. ಎಲ್ಲರೂ ಮಾತಾಡಿ ಮುಗಿಸುವವರೆಗೆ ಅವನು ಬಾಯಿ ಬಿಡುವುದಿಲ್ಲ. ‘ಖೋಸಿ ಖೋಸಿಯಾಗಿರುವುದು ಜನರಿಂದ’ ಅಂತ ಅವರದೊಂದು ಗಾದೆ. ಇನ್ನೊಂದು, ‘ದೊಡ್ಡ ಯುದ್ಧ ಬಾಯಿಯದ್ದು’. ಹೊಡೆದಾಡಬೇಡಿ, ವಾದ ಮಾಡಿ ಅಂತ.

ಇದನ್ನು ಸ್ವರ್ಗ ಮಾಡಿ ತೋರಿಸುವುದೂ ಬೇಡ. ಹೆಂಗಸರಿಗೆ ಅಲ್ಲಿ ಮಾತಾಡಲು ಬಹುಕಾಲ ಅವಕಾಶ ಇರಲಿಲ್ಲ, ದನಗಾಹಿ ಆಳುಗಳಾಗಿದ್ದ ಬಸಾರ್ವಾಗಳಿಗಂತೂ ಕೇಳುವುದೇ ಬೇಡ. ಆದರೂ ಆಳುವವನು ಕೂತು ಕೇಳಿಸಿಕೊಳ್ಳಬೇಕು ಅನ್ನುವ ಅಭ್ಯಾಸ ಬ್ರಿಟಿಷರು ಬರುವ ಮುಂಚೆಯೇ ಅಲ್ಲಿ ಬೇರು ಬಿಟ್ಟಿತ್ತು. ಈಗಲೂ ಸಣ್ಣಪುಟ್ಟ ವ್ಯಾಜ್ಯ ಖೋಸಿಯ ಮುಂದೆಯೇ ತೀರುತ್ತದೆ. ಅಲ್ಲಿ ವಕೀಲರಿಗೆ ಜಾಗವಿಲ್ಲ.

ಮೂವರು ಮುಖಂಡರು, ಒಂದು ಮದುವೆ

1885ರಲ್ಲಿ ಬ್ರಿಟನ್ ಈ ಸೀಮೆಯನ್ನು ಬೆಚುವಾನಾಲ್ಯಾಂಡ್ ಅಂತ ಕರೆದು ತನ್ನ ರಕ್ಷಣೆಗೆ ತೆಗೆದುಕೊಂಡಿತು. ಆಸೆಯಿಂದಲ್ಲ. ಪಕ್ಕದ ನಮೀಬಿಯಾಕ್ಕೆ ಜರ್ಮನ್ನರು ಬಂದಿದ್ದರು, ಅವರಿಗೆ ದಾರಿ ಸಿಗಬಾರದು ಅಷ್ಟೇ. ಹತ್ತು ವರ್ಷ ಕಳೆಯುವಷ್ಟರಲ್ಲಿ ಈ ಒಣ ನೆಲವನ್ನು ಬ್ರಿಟಿಷ್ ಗಣಿ ಉದ್ಯಮಿ ಸೆಸಿಲ್ ರೋಡ್ಸ್‌ನ ಕಂಪನಿಗೆ ದಾಟಿಸಿಬಿಡೋಣ ಅನ್ನುವ ಯೋಚನೆ ಬಂತು. ರೋಡ್ಸ್ ಕೈಗೆ ಸಿಕ್ಕ ನೆಲದ ಗತಿ ಏನಾಯಿತು ಅಂತ ಜಿಂಬಾಬ್ವೆಯನ್ನು ನೋಡಿದರೆ ತಿಳಿಯುತ್ತದೆ.

ಆಗ ಮೂವರು ಖೋಸಿಗಳು ಹಡಗು ಹತ್ತಿದರು. ಬಾಂಗ್ವಾಟೊಗಳ ಮೂರನೇ ಖಾಮಾ, ಬಾಕ್ವೇನಾದ ಸೆಬೆಲೆ, ಬಾಂಗ್ವಾಕೆಟ್ಸೆಯ ಬಾಥೋಯೆನ್. 1895ರಲ್ಲಿ ಲಂಡನ್ನಿಗೆ ಹೋಗಿ ವಸಾಹತು ಮಂತ್ರಿ ಜೋಸೆಫ್ ಚೇಂಬರ್ಲೇನ್ ಎದುರು ನಿಂತರು. ಅಷ್ಟಕ್ಕೇ ಸುಮ್ಮನಾಗಲಿಲ್ಲ. ಊರೂರು ಸುತ್ತಿ ಚರ್ಚುಗಳಲ್ಲಿ, ಸಭೆಗಳಲ್ಲಿ ಮಾತಾಡಿ ಬ್ರಿಟಿಷ್ ಜನರನ್ನೇ ತಮ್ಮ ಕಡೆ ಮಾಡಿಕೊಂಡರು. ರೈಲು ಹಳಿಗೆ ಒಂದು ಪಟ್ಟಿ ಜಾಗ ಬಿಟ್ಟುಕೊಟ್ಟು ಉಳಿದ ನೆಲ ಉಳಿಸಿಕೊಂಡರು. ಅದೇ ವರ್ಷದ ಕೊನೆಗೆ ರೋಡ್ಸ್‌ನ ಕಡೆಯವರು ಪಕ್ಕದ ಬೋಯರ್ (ಡಚ್ ಮೂಲದ ಬಿಳಿಯರ) ಗಣರಾಜ್ಯದ ಮೇಲೆ ನಡೆಸಿದ ಜೇಮ್ಸನ್ ದಾಳಿ ನೆಲಕಚ್ಚಿದ್ದೂ ಇವರಿಗೆ ಅನುಕೂಲವಾಯಿತು. ಗಾಬರೋನೆಯಲ್ಲಿ ಈಗ ಈ ಮೂವರ ಎತ್ತರದ ಕಂಚಿನ ಪ್ರತಿಮೆಗಳಿವೆ.

ಇನ್ನು ಮದುವೆ. ಮೂರನೇ ಖಾಮಾನ ಮೊಮ್ಮಗ ಸೆರೆಟ್ಸೆ ಖಾಮಾ, ಪಟ್ಟಕ್ಕೆ ಬರಬೇಕಾದ ಹುಡುಗ, ಓದಲು ಇಂಗ್ಲೆಂಡಿಗೆ ಹೋದ. 1948ರಲ್ಲಿ ಅಲ್ಲೇ ರೂತ್ ವಿಲಿಯಮ್ಸ್ ಎಂಬ ಬಿಳಿಯ ಹುಡುಗಿಯನ್ನು ಮದುವೆಯಾದ. ಊರಲ್ಲಿ ರಾಜ್ಯಭಾರ ನೋಡಿಕೊಳ್ಳುತ್ತಿದ್ದ ಚಿಕ್ಕಪ್ಪ ತ್ಶೆಕೆಡಿ ಕೆಂಡವಾದ. ವಿಷಯ ಎಲ್ಲಿಗೆ ಬಂತು? ಸೆರೋವೆ ಊರಿನ ಖೋಟ್ಲಾಕ್ಕೆ. ಮೊದಲ ಸಭೆಯಲ್ಲಿ ಜನ ಸೆರೆಟ್ಸೆಯ ವಿರುದ್ಧ ಇದ್ದರು. ಮತ್ತೊಮ್ಮೆ ಸಭೆ, ಮತ್ತೆ ವಾದ. 1949ರ ಜೂನ್ ಸಭೆಯಲ್ಲಿ ಸೆರೆಟ್ಸೆ ತನ್ನನ್ನೂ ತನ್ನ ಹೆಂಡತಿಯನ್ನೂ ಒಪ್ಪುವವರು ಎದ್ದು ನಿಲ್ಲಿ ಅಂದ. ಸಾವಿರಾರು ಜನ ಎದ್ದು ನಿಂತರು. ಮನೆಜಗಳ ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಪಕ್ಕದ ದಕ್ಷಿಣ ಆಫ್ರಿಕಾ ಅದೇ ವರ್ಷ ಕರಿಯರು ಬಿಳಿಯರು ಮದುವೆಯಾಗುವುದನ್ನು ಕಾನೂನು ಮಾಡಿ ತಡೆದಿತ್ತು. ಗಡಿಯಲ್ಲೇ ಇಂಥ ದಂಪತಿ ಆಳುತ್ತಾ ಕೂತರೆ ಹೇಗೆ? ಬ್ರಿಟನ್ನಿಗೆ ದಕ್ಷಿಣ ಆಫ್ರಿಕಾದ ಚಿನ್ನ ಬೇಕಿತ್ತು, ಯುರೇನಿಯಂ ಬೇಕಿತ್ತು. ತನಿಖೆಗೆ ಒಂದು ಸಮಿತಿ ಮಾಡಿದರು. ಸೆರೆಟ್ಸೆ ಆಳಲು ಯೋಗ್ಯನೇ, ಆದರೆ ದಕ್ಷಿಣ ಆಫ್ರಿಕಾ ಸಿಟ್ಟಾಗುತ್ತದೆ ಅನ್ನುವ ಧಾಟಿಯಲ್ಲಿ ವರದಿ ಬಂತು. ಆ ವರದಿಯನ್ನೇ ಮುಚ್ಚಿಟ್ಟರು! ಸೆರೆಟ್ಸೆಯನ್ನು ಲಂಡನ್ನಿಗೆ ಕರೆಸಿ, ಊರಿಗೆ ಹೋಗಬೇಡ ಅಂದುಬಿಟ್ಟರು. 1956ರಲ್ಲಿ ಖೋಸಿ ಪಟ್ಟ ಬಿಟ್ಟುಕೊಟ್ಟ ಮೇಲಷ್ಟೇ ಸಾಮಾನ್ಯ ಪ್ರಜೆಯಾಗಿ ಮರಳಲು ಬಿಟ್ಟರು.

ಪಟ್ಟ ಕಿತ್ತುಕೊಂಡದ್ದು ಅವರಿಗೆ ವರವೇ ಆಯಿತು ಅಂತ ನನ್ನ ಲೆಕ್ಕ. ಬಾಂಗ್ವಾಟೊಗಳ ಖೋಸಿ ಆಗಿದ್ದರೆ ಅವರು ಒಂದು ಪಂಗಡದವರು. ಪಟ್ಟ ಇಲ್ಲದ ಸೆರೆಟ್ಸೆ ಎಲ್ಲರ ನಾಯಕರಾದರು. 1962ರಲ್ಲಿ ಪಕ್ಷ ಕಟ್ಟಿದರು, 1965ರ ಚುನಾವಣೆ ಗೆದ್ದರು, 1966ರ ಸೆಪ್ಟೆಂಬರ್ 30ರಂದು ಸ್ವತಂತ್ರ ಬೋಟ್ಸ್ವಾನಾದ ಮೊದಲ ಅಧ್ಯಕ್ಷರಾದರು. ಅವತ್ತು ದೇಶದಲ್ಲಿ ಡಾಂಬರು ಕಂಡ ರಸ್ತೆ 12 ಕಿಲೋಮೀಟರ್. ಪದವಿ ಓದಿದವರು 22 ಜನ. ರಾಜಧಾನಿ ಕೂಡ ಹೊಚ್ಚ ಹೊಸದು, 1965ರವರೆಗೆ ಬ್ರಿಟಿಷರು ಗಡಿಯಾಚೆಯ ಮಾಫೆಕಿಂಗ್‌ನಲ್ಲಿ ಕೂತು ಆಡಳಿತ ನಡೆಸುತ್ತಿದ್ದರು. ಗಾಬರೋನೆಯನ್ನು ಅವಸರವಸರವಾಗಿ ಕಟ್ಟಬೇಕಾಯಿತು.

ಜ್ಯಾಕ್ ಗುರುತಿನ ಪಕ್ಷ

ಸರ್ಕಾರದ ರಚನೆ ಸರಳ. ಜನ ಓಟು ಹಾಕುವುದು ತಮ್ಮ ಕ್ಷೇತ್ರದ ಸಂಸದರಿಗೆ. ಒಟ್ಟು 61 ಕ್ಷೇತ್ರ, ಐದು ವರ್ಷಕ್ಕೊಮ್ಮೆ ಚುನಾವಣೆ. ಯಾವ ಪಕ್ಷಕ್ಕೆ ಬಹುಮತವೋ ಆ ಪಕ್ಷ ಮೊದಲೇ ಹೆಸರಿಸಿದ ವ್ಯಕ್ತಿ ಅಧ್ಯಕ್ಷ. ನಮ್ಮ ಪ್ರಧಾನಿಯ ಆಯ್ಕೆ ಮತ್ತು ಅಮೆರಿಕದ ಅಧ್ಯಕ್ಷರ ಅಧಿಕಾರ ಎರಡನ್ನೂ ಬೆರೆಸಿದ ಹಾಗೆ. ಹತ್ತು ವರ್ಷದ ಮೇಲೆ ಯಾರೂ ಕೂರುವಂತಿಲ್ಲ. ಖೋಸಿಗಳಿಗೆ ‘ನ್ಟ್ಲೊ ಯಾ ಡಿಖೋಸಿ’ ಎಂಬ ಬೇರೆ ಸಭೆ ಇದೆ. ಅದು ಸಲಹೆ ಕೊಡುತ್ತದೆ, ಕಾನೂನು ಮಾಡುವುದಿಲ್ಲ.

ಸೆರೆಟ್ಸೆ ಕಟ್ಟಿದ ಬೋಟ್ಸ್ವಾನಾ ಡೆಮಾಕ್ರಟಿಕ್ ಪಾರ್ಟಿಯ ಗುರುತು ಕಾರು ಎತ್ತುವ ಜ್ಯಾಕ್. ಜನ ಪಕ್ಷವನ್ನೇ ಜ್ಯಾಕ್ ಅಂತ ಕರೆಯುತ್ತಾರೆ, ಆಫ್ರಿಕಾನ್ಸ್ ಭಾಷೆಯ ಪದದಲ್ಲಿ ‘ದೊಮ್‌ಕ್ರಾಗ್’. ಈ ಜ್ಯಾಕ್ 58 ವರ್ಷ ಸತತವಾಗಿ ಗೆದ್ದಿತು. ಸೆರೆಟ್ಸೆ 1980ರಲ್ಲಿ ತೀರಿಕೊಂಡ ಮೇಲೆ ಮಸಿರೆ, ಆಮೇಲೆ ಮೊಗಾಯೆ, ಸೆರೆಟ್ಸೆಯ ಮಗ ಇಯಾನ್ ಖಾಮಾ, ಕೊನೆಗೆ ಮಸೀಸಿ. ಚುನಾವಣೆ ಒಂದೂ ತಪ್ಪಲಿಲ್ಲ, ಸೈನಿಕರು ಒಮ್ಮೆಯೂ ಗದ್ದುಗೆ ಏರಲಿಲ್ಲ. ಸುತ್ತಲಿನ ದೇಶಗಳಲ್ಲಿ ಬಿಳಿಯರ ದಬ್ಬಾಳಿಕೆ ನಡೆಯುತ್ತಿದ್ದಾಗಲೂ ಹೀಗೇ. 1985ರಲ್ಲಂತೂ ದಕ್ಷಿಣ ಆಫ್ರಿಕಾದ ಸೇನೆ ಗಾಬರೋನೆಗೇ ನುಗ್ಗಿ 12 ಜನರನ್ನು ಕೊಂದು ಹೋಗಿತ್ತು.

2024ರ ಅಕ್ಟೋಬರ್ 30ರಂದು ಜ್ಯಾಕ್ ಕುಸಿಯಿತು. 61ರಲ್ಲಿ ಸಿಕ್ಕಿದ್ದು ಬರೀ 4 ಸೀಟು. ಮಸೀಸಿ ಎಣಿಕೆ ಪೂರ್ತಿ ಮುಗಿಯುವ ಮೊದಲೇ ಸೋಲು ಒಪ್ಪಿಕೊಂಡರು. ಮಾನವ ಹಕ್ಕುಗಳ ವಕೀಲರಾಗಿದ್ದ ಡೂಮಾ ಬೊಕೊ ಅಧ್ಯಕ್ಷರಾದರು. ಒಂದು ಕಲ್ಲು ತೂರಾಟವಿಲ್ಲದೆ 58 ವರ್ಷದ ಆಳ್ವಿಕೆ ಕೈ ಬದಲಾಯಿಸಿತು. ಸೋತದ್ದು ಯಾಕೆ ಅಂತ ತಿಳಿಯಲು ವಜ್ರಕ್ಕೆ ಮರಳಬೇಕು.

ಕಲ್ಲು ಯಾರದ್ದು?

ಒರಾಪಾ ಇರುವುದು ಬಾಂಗ್ವಾಟೊಗಳ ಸೀಮೆಯಲ್ಲಿ. ಅಂದರೆ ಸೆರೆಟ್ಸೆಯ ಸ್ವಂತ ಪಂಗಡದ ನೆಲದಲ್ಲಿ. ಅದುವರೆಗಿನ ಪದ್ಧತಿಯಂತೆ ನೆಲದಡಿಯ ಖನಿಜ ಆಯಾ ಪಂಗಡದ್ದು. ಆದರೆ ಖನಿಜ ಇಡೀ ದೇಶದ್ದಾಗಬೇಕು ಅಂತ ಅವರ ಪಕ್ಷ 1965ರ ಪ್ರಣಾಳಿಕೆಯಲ್ಲೇ ಹೇಳಿತ್ತು. 1967ರ ಗಣಿ ಕಾನೂನಿನಲ್ಲಿ ಹಾಗೆಯೇ ಮಾಡಿದರು. ತಮ್ಮವರ ಪಾಲಿಗೆ ಬರಬಹುದಾಗಿದ್ದ ವಜ್ರವನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ವಜ್ರದ ಸಲುವಾಗಿ ಪಂಗಡ ಪಂಗಡ ಹೊಡೆದಾಡದೆ ಇರಲು ಇದೇ ದೊಡ್ಡ ಕಾರಣ.

ಮುಂದಿನ ಹೆಜ್ಜೆ ಚೌಕಾಸಿ. ಗಣಿ ತೋಡುವ ಡಿ ಬೀರ್ಸ್ ಕಂಪನಿ ಮೊದಲು ಸರ್ಕಾರಕ್ಕೆ ಶೇ 15ರಷ್ಟು ಪಾಲು ಕೊಟ್ಟಿತ್ತು. ಒರಾಪಾ 1971ರಲ್ಲಿ ಶುರುವಾಗಿ, ಎಷ್ಟು ಸಿಗುತ್ತದೆ ಅಂತ ಗೊತ್ತಾದ ಮೇಲೆ ಸರ್ಕಾರ ಮತ್ತೆ ಮಾತಿಗೆ ಕೂತಿತು. 1975ಕ್ಕೆ ಅರ್ಧರ್ಧ ಪಾಲಾಯಿತು. ಈ ಜಂಟಿ ಕಂಪನಿಯೇ ಡೆಬ್ಸ್ವಾನಾ. ಅರ್ಧ ಪಾಲಿನ ಜತೆ ತೆರಿಗೆ, ರಾಯಧನ ಸೇರಿದರೆ ಲಾಭದ ಐದರಲ್ಲಿ ನಾಲ್ಕು ಪಾಲು ಸರ್ಕಾರಕ್ಕೇ ಬರುತ್ತದೆ. 1982ರಲ್ಲಿ ಜ್ವಾನೆಂಗ್ ಗಣಿ ತೆರೆಯಿತು. ಬೆಲೆಯ ಲೆಕ್ಕದಲ್ಲಿ ಜಗತ್ತಿನ ಅತಿ ಸಿರಿವಂತ ವಜ್ರದ ಗಣಿ ಅದು. ಆ ಹೆಸರಿನ ಅರ್ಥ ಸಣ್ಣ ಕಲ್ಲುಗಳ ಜಾಗ ಅಂತ!

ದುಡ್ಡು ಬಂದಾಗ ಏನು ಮಾಡಿದರು? ಸ್ವಾತಂತ್ರ್ಯದ ನಂತರ ಸುಮಾರು ಮೂರು ದಶಕ ಜಗತ್ತಿನಲ್ಲೇ ಅತಿ ವೇಗವಾಗಿ ಬೆಳೆದ ದೇಶಗಳಲ್ಲಿ ಬೋಟ್ಸ್ವಾನಾ ಒಂದು. ಶಾಲೆ, ಕ್ಲಿನಿಕ್, ಡಾಂಬರು ರಸ್ತೆ ಹಳ್ಳಿಹಳ್ಳಿಗೆ ಹೋದವು. ಮಿಕ್ಕಿದ್ದನ್ನು ಮುಂದಿನವರಿಗೆ ಅಂತ 1994ರಲ್ಲಿ ಪುಲಾ ಫಂಡ್ ಮಾಡಿ ಎತ್ತಿಟ್ಟರು. ಎಲ್ಲವೂ ವಜ್ರದಿಂದಲೇ ಬಂದದ್ದೂ ಅಲ್ಲ. 1970ರ ದಶಕದಲ್ಲಿ ಜಂಟಿ ವಿಶ್ವವಿದ್ಯಾಲಯದ ಪಾಲುದಾರ ದೇಶ ಲೆಸೊಥೊ ಕೈಬಿಟ್ಟು, ಸ್ವಂತ ವಿಶ್ವವಿದ್ಯಾಲಯ ಕಟ್ಟಬೇಕಾಗಿ ಬಂದಾಗ ಸೆರೆಟ್ಸೆ ಜನರ ಮುಂದೆ ಕೈಯೊಡ್ಡಿದರು. ‘ಮೋಥೊ ಲೆ ಮೋಥೊ ಖೋಮೊ’, ತಲೆಗೊಂದು ದನ. ದನ ಇದ್ದವರು ದನ ಕೊಟ್ಟರು, ಇಲ್ಲದವರು ಕಾಳು, ಮೊಟ್ಟೆ, ಚಿಲ್ಲರೆ ಕಾಸು ಕೊಟ್ಟರು. ಆ ವಿಶ್ವವಿದ್ಯಾಲಯದ ಅಂಗಳದಲ್ಲಿ ದನದ ಜತೆ ನಿಂತ ರೈತನ ಪ್ರತಿಮೆ ಇದೆ.

ಇದೇ ಲೆಕ್ಕಾಚಾರದ ಬುದ್ಧಿ ಏಡ್ಸ್ ಬಂದಾಗ ಅವರನ್ನು ಕಾಪಾಡಿತು. ಅಂದಿನ ಅಂದಾಜಿನ ಪ್ರಕಾರ 2000ದ ಹೊತ್ತಿಗೆ ವಯಸ್ಕರಲ್ಲಿ ಮೂವರಿಗೆ ಒಬ್ಬರಿಗಿಂತ ಜಾಸ್ತಿ ಜನರಿಗೆ ಎಚ್‌ಐವಿ ಸೋಂಕು ತಗಲಿತ್ತು. ಜನರ ಸರಾಸರಿ ಆಯಸ್ಸು 50ಕ್ಕಿಂತ ಕೆಳಗೆ ಇಳಿಯಿತು. ಅಧ್ಯಕ್ಷ ಮೊಗಾಯೆ ವಿಷಯ ಮುಚ್ಚಿಡಲಿಲ್ಲ. 2002ರಲ್ಲಿ ಎಲ್ಲರಿಗೂ ಉಚಿತ ಔಷಧಿ ಶುರು ಮಾಡಿದರು, ಇಡೀ ಆಫ್ರಿಕಾದಲ್ಲಿ ಮೊದಲ ಸಲ. ಸೋಂಕು ಈಗಲೂ ವಯಸ್ಕರಲ್ಲಿ ಹೆಚ್ಚುಕಮ್ಮಿ ಐವರಲ್ಲಿ ಒಬ್ಬರಿಗೆ ಇದೆ, ಆದರೆ ಸೋಂಕಿತರಲ್ಲಿ ಬಹುಪಾಲು ಎಲ್ಲರೂ ಔಷಧಿ ತೆಗೆದುಕೊಂಡು ನೆಟ್ಟಗೆ ಬದುಕುತ್ತಿದ್ದಾರೆ.

ಹಾಗಾದರೆ ಕೊರತೆ ಎಲ್ಲಿ? ವಜ್ರದ ಗಣಿ ದುಡ್ಡು ತರುತ್ತದೆ, ಕೆಲಸ ತರುವುದಿಲ್ಲ. ಭಾರೀ ಯಂತ್ರ, ಕೆಲವೇ ಸಾವಿರ ಜನ. ಮಿಕ್ಕವರಿಗೆ ಸರ್ಕಾರಿ ನೌಕರಿ, ಇಲ್ಲವೇ ದನ. ದನದ ಮಾಂಸ ಯೂರೋಪಿಗೆ ಹೋಗುತ್ತದೆ. ಕಾಲುಬಾಯಿ ರೋಗ ಬರದಿರಲಿ ಅಂತ ದೇಶದ ತುಂಬ ಬೇಲಿ ಹಾಕಿದ್ದಾರೆ, ಆ ಬೇಲಿಗೆ ಸಿಕ್ಕಿ ನೀರಿಲ್ಲದೆ ಕಾಡುಮೃಗಗಳು ಸಾವಿರಗಟ್ಟಲೆ ಸತ್ತ ವರ್ಷಗಳೂ ಇವೆ. ಪ್ರವಾಸೋದ್ಯಮ ಇದೆ, ಆದರೆ ಅದು ದುಬಾರಿ ಸಫಾರಿ, ಜನ ಕಡಿಮೆ. ಬಟ್ಟೆಯಿಂದ ಸೋಪಿನವರೆಗೆ ಅಂಗಡಿಯ ಬಹುತೇಕ ಸಾಮಾನು ದಕ್ಷಿಣ ಆಫ್ರಿಕಾದಿಂದ ಬರುತ್ತದೆ. ನಿರುದ್ಯೋಗ ಕಾಲು ಭಾಗದಷ್ಟಿದೆ. ಬಡವ ಬಲ್ಲಿದರ ಅಂತರದಲ್ಲಿ ಜಗತ್ತಿನ ಮುಂಚೂಣಿ ದೇಶಗಳಲ್ಲಿ ಇದೂ ಒಂದು.

ಆನೆಗಳ ಮಾತು ಬಿಟ್ಟರೆ ಕರ್ನಾಟಕದವರು ಒಪ್ಪುವುದಿಲ್ಲ. ನಮ್ಮಲ್ಲಿ 6,000ದಷ್ಟು ಆನೆಗಳಿದ್ದೇ ಹಾಸನ, ಕೊಡಗಿನಲ್ಲಿ ದಿನಾ ಸುದ್ದಿ. ಅಲ್ಲಿ ಸುಮಾರು 1.3 ಲಕ್ಷ, ಜಗತ್ತಿನಲ್ಲೇ ಅತಿ ಹೆಚ್ಚು. 2014ರಲ್ಲಿ ಬೇಟೆ ನಿಲ್ಲಿಸಿದರು. ಬೆಳೆ ಹಾಳಾಗಿ, ಜನ ಸತ್ತು, ಹಳ್ಳಿಯವರು ರೊಚ್ಚಿಗೆದ್ದರು. 2019ರಲ್ಲಿ ಮತ್ತೆ ಲೈಸನ್ಸ್ ಕೊಟ್ಟರು. ಬೇಟೆಯ ಟ್ರೋಫಿ ತರುವುದಕ್ಕೆ ಜರ್ಮನಿ ಕಡಿವಾಣ ಹಾಕಲು ಹೊರಟಾಗ ಮಸೀಸಿ, 20,000 ಆನೆ ಕಳಿಸುತ್ತೇವೆ, ನೀವೇ ಇಟ್ಟುಕೊಂಡು ನೋಡಿ ಅಂದಿದ್ದರು. ಸಕಲೇಶಪುರದ ಕಾಫಿ ಬೆಳೆಗಾರರು ಇದನ್ನು ಓದಿ ಚಪ್ಪಾಳೆ ಹೊಡೆದರೆ ನನಗೆ ಆಶ್ಚರ್ಯವಿಲ್ಲ.

ಸೂರತ್‌ನಲ್ಲಿ ಬೆಳೆಯುವ ವಜ್ರ

ವಿದೇಶಕ್ಕೆ ಮಾರುವುದರಲ್ಲಿ ಸುಮಾರು ಶೇ 80ರಷ್ಟು ವಜ್ರವೇ ಆದರೆ, ವಜ್ರ ಸೀನಿದಾಗ ಇಡೀ ದೇಶಕ್ಕೆ ನೆಗಡಿ. ಮತ್ತು ವಜ್ರ ಈಗ ಸುಮ್ನೆ ಸೀನುತ್ತಿಲ್ಲ, ಹಾಸಿಗೆ ಹಿಡಿದಿದೆ.

ಇಲ್ಲಿ ಭಾರತ ಎರಡು ಪಾತ್ರ ಮಾಡುತ್ತದೆ. ಜಗತ್ತಿನ ಹತ್ತು ವಜ್ರಗಳಲ್ಲಿ ಒಂಬತ್ತಕ್ಕೆ ಸಾಣೆ ಹಿಡಿಯುವುದು ನಮ್ಮ ದೇಶ, ಅದರಲ್ಲೂ ಸೂರತ್. ಬೋಟ್ಸ್ವಾನಾದ ಕಲ್ಲಿಗೆ ಹೊಳಪು ಬರುವುದು ಅಲ್ಲೇ. ಕಚ್ಚಾ ಕಲ್ಲು ಮಾರಿದರೆ ಸಾಲದು, ಇಲ್ಲೇ ಕತ್ತರಿಸಿ ಅಂತ ಬೋಟ್ಸ್ವಾನಾ ಹಟ ಹಿಡಿದಾಗ ಗಾಬರೋನೆಗೆ ಹೋಗಿ ಕಾರ್ಖಾನೆ ತೆರೆದವರಲ್ಲಿ ಭಾರತೀಯರೂ ಇದ್ದಾರೆ. 2013ರಲ್ಲಿ ಡಿ ಬೀರ್ಸ್ ತನ್ನ ಕಚ್ಚಾ ವಜ್ರದ ಮಾರಾಟವನ್ನೇ ಲಂಡನ್ನಿನಿಂದ ಗಾಬರೋನೆಗೆ ತಂದಿತು. ಇದು ಒಂದು ಪಾತ್ರ.

ಇನ್ನೊಂದು ಪಾತ್ರ ಪೆಟ್ಟು ಕೊಡುವವರದ್ದು. ಸಣ್ಣ ವಜ್ರದ ಚೂರನ್ನು ಬೀಜದ ಹಾಗೆ ಯಂತ್ರದಲ್ಲಿಟ್ಟು, ಮೀಥೇನ್ ಅನಿಲ ಹಾಯಿಸಿ, ಕೆಲವೇ ವಾರಗಳಲ್ಲಿ ಅದರ ಮೇಲೆ ವಜ್ರ ಬೆಳೆಸಬಹುದು. ನಕಲಿ ಅಲ್ಲ, ಅದೂ ಅಪ್ಪಟ ಇಂಗಾಲವೇ. ಬರಿಗಣ್ಣಿಗೆ ಗುರುತು ಸಿಗುವುದಿಲ್ಲ, ಬೆಲೆಯಲ್ಲಿ ಮಾತ್ರ ಭಾರೀ ಅಗ್ಗ. ಇಂಥ ಯಂತ್ರಗಳು ಸೂರತ್‌ನಲ್ಲಿ ಸಾಲುಸಾಲಾಗಿವೆ. ಉಂಗುರ ಕೊಳ್ಳುವ ಅಮೆರಿಕದ ಹುಡುಗ ಹುಡುಗಿಯರು ಅತ್ತ ವಾಲಿದರು. ಚೀನಾದಲ್ಲೂ ಕೊಳ್ಳುವವರು ಕಡಿಮೆಯಾದರು. ಡೆಬ್ಸ್ವಾನಾ 2023ರಲ್ಲಿ ಸುಮಾರು 2.5 ಕೋಟಿ ಕ್ಯಾರೆಟ್ ತೆಗೆದಿತ್ತು, 2024ರಲ್ಲಿ 1.8 ಕೋಟಿಗೆ ಇಳಿಸಿತು. ಆ ವರ್ಷ ದೇಶದ ಆರ್ಥಿಕತೆಯೇ ಶೇ 3ರಷ್ಟು ಕುಗ್ಗಿತು.

ವಿಧಿಯಾಟ ನೋಡಿ. ಅದೇ 2024ರ ಆಗಸ್ಟ್‌ನಲ್ಲಿ ಕರೋವೆ ಗಣಿಯಲ್ಲಿ 2,492 ಕ್ಯಾರೆಟ್‌ನ ಕಲ್ಲು ಸಿಕ್ಕಿತು. 1905ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಸಿಕ್ಕ ಕಲಿನನ್ ಬಿಟ್ಟರೆ ಇಷ್ಟು ದೊಡ್ಡದು ಎಲ್ಲೂ ಸಿಕ್ಕಿರಲಿಲ್ಲ. ಅಂಗೈ ತುಂಬ ಇದ್ದ ಆ ಕಲ್ಲನ್ನು ಮಸೀಸಿ ಎತ್ತಿ ಹಿಡಿದ ಫೋಟೋ ಜಗತ್ತಿನ ತುಂಬ ಓಡಾಡಿತು. ಎರಡೇ ತಿಂಗಳಲ್ಲಿ ಅವರು ಚುನಾವಣೆ ಸೋತರು. ಕೆಲಸ ಇಲ್ಲದ ಹುಡುಗರಿಗೆ ಆ ಫೋಟೋದಿಂದ ಏನು ಬಂತು? ಅವರಿಗೆ ಹೆಮ್ಮೆ ತಂದದ್ದು ಬೇರೆ. ಅದೇ ಆಗಸ್ಟ್‌ನಲ್ಲಿ ಲೆಟ್ಸಿಲೆ ಟೆಬೊಗೊ ಪ್ಯಾರಿಸ್‌ನಲ್ಲಿ 200 ಮೀಟರನ್ನು 19.46 ಸೆಕೆಂಡಿನಲ್ಲಿ ಓಡಿ ದೇಶಕ್ಕೆ ಮೊದಲ ಒಲಿಂಪಿಕ್ ಚಿನ್ನ ತಂದ. ಸರ್ಕಾರ ಅರ್ಧ ದಿನ ರಜೆಯನ್ನೇ ಕೊಟ್ಟುಬಿಟ್ಟಿತು.

ಹೊಸ ಅಧ್ಯಕ್ಷ ಬೊಕೊಗೆ ಸಿಕ್ಕಿದ್ದು ಬರಿದಾಗುತ್ತಿರುವ ಬೊಕ್ಕಸ. 2025ರ ಫೆಬ್ರವರಿಯಲ್ಲಿ ಡಿ ಬೀರ್ಸ್ ಜತೆ ಹೊಸ ಒಪ್ಪಂದಕ್ಕೆ ಸಹಿ ಹಾಕಿದರು. ಡೆಬ್ಸ್ವಾನಾದ ಗಣಿ ಪರವಾನಗಿ 2054ರವರೆಗೆ ಮುಂದೆ ಹೋಯಿತು. ಆಗಸ್ಟ್‌ನಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿ ಖಾಲಿಯಾಗಿ ಆರೋಗ್ಯ ತುರ್ತು ಪರಿಸ್ಥಿತಿ ಘೋಷಿಸಬೇಕಾಯಿತು. ಏಡ್ಸ್‌ಗೆ ಉಚಿತ ಔಷಧಿ ಕೊಟ್ಟು ಹೆಸರು ಮಾಡಿದ್ದ ದೇಶದಲ್ಲಿ! ನವೆಂಬರ್‌ನಲ್ಲಿ ನಮ್ಮ ರಾಷ್ಟ್ರಪತಿ ದ್ರೌಪದಿ ಮುರ್ಮು ಗಾಬರೋನೆಗೆ ಹೋದಾಗ ಭಾರತಕ್ಕೆಂದು ಎಂಟು ಚೀತಾಗಳನ್ನು ಹಸ್ತಾಂತರಿಸುವ ಕಾರ್ಯಕ್ರಮ ನಡೆಯಿತು. ನಮ್ಮ ಪತ್ರಿಕೆಗಳಲ್ಲಿ ಬಂದ ಬೋಟ್ಸ್ವಾನಾ ಸುದ್ದಿ ಹೆಚ್ಚುಕಮ್ಮಿ ಅಷ್ಟೇ.

ಅಲ್ಲಿ ಅದಕ್ಕಿಂತ ದೊಡ್ಡ ಸುದ್ದಿ ಬೇರೆ ಇದೆ. ಡಿ ಬೀರ್ಸ್‌ನಲ್ಲಿ ಶೇ 85 ಪಾಲು ಇರುವ ಆಂಗ್ಲೊ ಅಮೆರಿಕನ್ ಕಂಪನಿ, ಇನ್ನು ಈ ವಜ್ರದ ಸಹವಾಸ ಸಾಕು ಅಂತ ತನ್ನ ಪಾಲು ಮಾರಲು 2024ರಲ್ಲೇ ಹೊರಟಿತು. ಉಳಿದ ಶೇ 15 ಬೋಟ್ಸ್ವಾನಾ ಸರ್ಕಾರದ್ದು. ಆಂಗ್ಲೊ ಹಿಂದೆ ಸರಿಯುವಾಗ ಬೊಕೊ ಮುಂದೆ ಬಂದಿದ್ದಾರೆ. ಬಹುಪಾಲು ನಮಗೇ ಬೇಕು, ಕಂಪನಿಯ ಹಿಡಿತ ನಮ್ಮ ಕೈಗೆ ಬರಬೇಕು ಅನ್ನುತ್ತಿದ್ದಾರೆ. ಔಷಧಿಗೆ ದುಡ್ಡು ಹೊಂದಿಸಲು ಪರದಾಡಿದ ವರ್ಷವೇ ಹುತ್ತವನ್ನು ಇಡಿಯಾಗಿ ಕೊಳ್ಳುವ ಮಾತು.